ಟ್ರಾನ್ಸ್ ಕವಿಗಳಿಂದ ಸಮಕಾಲೀನ ಕಾವ್ಯಕ್ಕೆ ಬಂದದ್ದು ಹೊಸ ವಸ್ತುವೋ, ಹೊಸ ಕಾವ್ಯರೀತಿಯೋ?

ಪ್ರಶ್ನೆ – ಕಾವ್ಯಾಸಕ್ತೆ

ನಾವು ಕೆಲವರು ಸೇರಿ ನಡೆಸುತ್ತಿರುವ ಓದುಬಳಗದಲ್ಲಿ ಈ ಸಲ ಟ್ರಾನ್ಸ್‌ಜೆಂಡರ್ ಕವಿಗಳನ್ನೂ, ಗಂಡು-ಹೆಣ್ಣೆಂಬ ಎರಡೇ ಚೌಕಟ್ಟುಗಳಿಗೆ ಒಗ್ಗದ ನಾನ್‌ಬೈನರಿ ಕವಿಗಳನ್ನೂ ಓದಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಆರಂಭದ ಚರ್ಚೆಗಳಲ್ಲೇ ಒಂದು ತೊಡಕು ಎದುರಾಗಿದೆ. ಪದ್ಯವನ್ನು ಓದಿ ಮುಗಿಸಿದೊಡನೆ ಮಾತು ಪದ್ಯವನ್ನು ಬಿಟ್ಟು ಕವಿಯ ಬದುಕಿನತ್ತ ಹೊರಳುತ್ತದೆ. ಮನೆಯವರು ಹೇಗೆ ನಡೆಸಿಕೊಂಡಿರಬಹುದು, ಶಸ್ತ್ರಚಿಕಿತ್ಸೆ ಆಗಿದೆಯೇ, ಎಷ್ಟು ನೊಂದಿರಬಹುದು ಎಂಬ ವಿಚಾರಗಳೇ ಮುಂದಾಗಿ, ಆ ಸಾಲು ಅಲ್ಲಿಗೇ ಏಕೆ ಮುರಿಯಿತು, ಆ ಪ್ರತಿಮೆ ಎರಡನೆಯ ಸಲ ಬರುವಾಗ ಏಕೆ ಬದಲಾಯಿತು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಬೇರೆ ಕವಿಗಳನ್ನು ಓದುವಾಗ ಇದೇ ಬಳಗದವರು ಲಯ, ಧ್ವನಿ, ಛಂದಸ್ಸು ಎಂದು ಗಂಟೆಗಟ್ಟಲೆ ವಾದಿಸುವವರು.

ಅನುಕಂಪ ತಪ್ಪಲ್ಲ. ಆದರೆ ವಿಮರ್ಶೆ ಕೂರಬೇಕಾದ ಜಾಗದಲ್ಲಿ ಅನುಕಂಪ ಬಂದು ಕೂತರೆ ಕವಿಯನ್ನು ನಾವು ಕವಿಯೆಂದು ಕಾಣುವುದನ್ನೇ ಬಿಟ್ಟುಬಿಡುತ್ತೇವೆ ಎಂಬ ಅಳುಕು ನನ್ನದು. ಬಳಗದ ಹಿರಿಯರೊಬ್ಬರು, ‘ಇವರಿಂದ ಕಾವ್ಯಕ್ಕೆ ಹೊಸ ಅನುಭವಲೋಕ ಬಂದಿದೆ, ಅದೇ ದೊಡ್ಡ ಕೊಡುಗೆ, ಕಾವ್ಯದ ಕಟ್ಟೋಣದಲ್ಲಿ ವಿಶೇಷವಾದದ್ದನ್ನು ಹುಡುಕುವುದು ಬಲವಂತ’ ಎಂದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ, ಆದರೆ ತಕ್ಕ ಉತ್ತರವೂ ಕೈಯಲ್ಲಿರಲಿಲ್ಲ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಈ ಕವಿಗಳಿಂದ ಕವಿತೆಯು ಕವಿತೆಯಾಗಿ ಏನನ್ನು ಪಡೆದಿದೆ? ಪದ್ಯಗಳನ್ನೇ ಎದುರಿಗಿಟ್ಟುಕೊಂಡು ತೋರಿಸಬಹುದಾದ ಉದಾಹರಣೆಗಳಿವೆಯೇ? ಹೊಸದಾಗಿ ಓದುವವರು ಎಲ್ಲಿಂದ ತೊಡಗುವುದು ಒಳ್ಳೆಯದು?


ಉತ್ತರ – ಹಾಳೆಯಂಚು

ನಿಮ್ಮ ಅಳುಕು ಸಕಾರಣವಾದದ್ದು. ಇದೇ ಅಳುಕು ಈ ಕವಿಗಳಿಗೂ ಇತ್ತೆಂಬುದಕ್ಕೆ ಅಮೆರಿಕದಲ್ಲಿ 2013ರಲ್ಲಿ ಬಂದ ‘ಟ್ರಬ್ಲಿಂಗ್ ದ ಲೈನ್’ ಎಂಬ ಸಂಕಲನವೇ ಸಾಕ್ಷಿ. ಟಿ.ಸಿ. ಟಾಲ್ಬರ್ಟ್ ಮತ್ತು ಟ್ರೇಸ್ ಪೀಟರ್ಸನ್ ಸಂಪಾದಿಸಿದ ಈ ಪುಸ್ತಕದಲ್ಲಿ 55 ಕವಿಗಳಿದ್ದಾರೆ. ಅದರ ಏರ್ಪಾಡನ್ನು ಗಮನಿಸಿ: ಪ್ರತಿಯೊಬ್ಬ ಕವಿಯ ಪದ್ಯಗಳ ಜೊತೆಗೆ ಅವರದೇ ಕಾವ್ಯಚಿಂತನೆಯ ಟಿಪ್ಪಣಿಯೊಂದಿದೆ. ಜೀವನ ವೃತ್ತಾಂತವನ್ನು ಹೇಳಿ ಎಂದು ಸಂಪಾದಕರು ಕೇಳಲಿಲ್ಲ, ಹೇಗೆ ಬರೆಯುತ್ತೀರಿ ಎಂದು ಕೇಳಿದರು. ಏಳು ವರ್ಷಗಳ ಅನಂತರ, 2020ರಲ್ಲಿ, ಆಂಡ್ರಿಯಾ ಅಬಿ-ಕರಮ್ ಮತ್ತು ಕೇ ಗೇಬ್ರಿಯಲ್ ‘ವಿ ವಾಂಟ್ ಇಟ್ ಆಲ್’ ಎಂಬ ಇನ್ನೊಂದು ದೊಡ್ಡ ಸಂಕಲನವನ್ನು ತಂದರು. ಈ ಎರಡಕ್ಕೂ ಹಿಂದೆ, 1980ರ ದಶಕದಿಂದಲೇ ಪ್ರಕಟಿಸುತ್ತಿದ್ದ ಮ್ಯಾಕ್ಸ್ ವುಲ್ಫ್ ವಲೇರಿಯೊ, 2002ರಲ್ಲಿ ‘ವಾಂಟಿಂಗ್ ಇನ್ ಅರೇಬಿಕ್’ ಹೊರತಂದ ಕೆನಡಾದ ತ್ರಿಶ್ ಸಲಾಹ್, 2006ರಲ್ಲಿ ತೀರಿಕೊಂಡ ಕ್ಯಾರಿ ಎಡ್ವರ್ಡ್ಸ್ ಮೊದಲಾದವರು ಇದ್ದರು. ಇದು ನಿನ್ನೆ ಮೊನ್ನೆ ಹುಟ್ಟಿದ ಧಾರೆಯಲ್ಲ.

ಈಗ ಪದ್ಯಗಳಿಗೆ ಬರೋಣ. ಭಾವಗೀತೆಯ ‘ನಾನು’ ಯಾರು ಎಂಬ ಪ್ರಶ್ನೆ ಕಾವ್ಯಮೀಮಾಂಸೆಯಲ್ಲಿ ಹಳೆಯದು. ಆದರೂ ಅಭ್ಯಾಸಬಲದಿಂದ ಓದುಗ ಆ ‘ನಾನು’ವಿಗೆ ಒಂದು ದೇಹವನ್ನು, ಒಂದು ಲಿಂಗವನ್ನು ತಾನಾಗಿಯೇ ತೊಡಿಸಿಬಿಡುತ್ತಾನೆ. ಕ್ಯಾರಿ ಎಡ್ವರ್ಡ್ಸ್ ತಮ್ಮ ‘ಎ ಡೇ ಇನ್ ದ ಲೈಫ್ ಆಫ್ ಪಿ.’ ಎಂಬ ಕೃತಿಯಲ್ಲಿ ಆ ತೊಡಿಸುವಿಕೆಗೆ ಅವಕಾಶವನ್ನೇ ಕೊಡುವುದಿಲ್ಲ. ಅಲ್ಲಿನ ಮುಖ್ಯಪಾತ್ರ ಬರೀ ‘ಪಿ.’, ಅವನೂ ಅಲ್ಲ, ಅವಳೂ ಅಲ್ಲ. ಓದುತ್ತ ಹೋದಂತೆ ವಾಕ್ಯವೊಂದನ್ನು ಅರ್ಥಮಾಡಿಕೊಳ್ಳಲು ಲಿಂಗದ ಸುಳಿವನ್ನು ನಾವು ಎಷ್ಟು ನೆಚ್ಚಿಕೊಂಡಿದ್ದೇವೆಂಬುದು ಬೆಳಕಿಗೆ ಬರುತ್ತದೆ. ಆ ಅರಿವು ಓದಿನ ನಡುವೆಯೇ ಆಗುತ್ತದೆ, ಯಾರೂ ಉಪದೇಶಿಸಬೇಕಾಗಿಲ್ಲ.

ಜಾಸ್ ಚಾರ್ಲ್ಸ್ ಅವರ 2018ರ ಸಂಕಲನ ಇನ್ನೊಂದು ದಾರಿ ಹಿಡಿಯುತ್ತದೆ. ಅದರ ಹೆಸರಿನ ಉಚ್ಚಾರ ‘ಫೀಲ್ಡ್’, ಎಂದರೆ ಹೊಲ; ಆದರೆ ಕಾಗುಣಿತ ಎಫ್-ಇ-ಇ-ಎಲ್-ಡಿ. ಕಿವಿಗೆ ಹೊಲ ಕೇಳಿಸುತ್ತದೆ, ಕಣ್ಣಿಗೆ ‘ಫೀಲ್’, ಎಂದರೆ ಅನುಭವಿಸು ಎಂಬುದು ಕಾಣಿಸುತ್ತದೆ. ಇಡೀ ಪುಸ್ತಕ ಇದೇ ರೀತಿಯ ಕಾಗುಣಿತದಲ್ಲಿದೆ. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಕಾಲದ ಇಂಗ್ಲಿಷನ್ನು ನೆನಪಿಸುವ ಬರೆಹಕ್ಕೆ ಇಂದಿನ ಮೊಬೈಲ್ ಸಂದೇಶಗಳ ಅಡ್ಡಾದಿಡ್ಡಿ ಬರವಣಿಗೆ ಬೆರೆತಿದೆ. ಓದುಗ ಪ್ರತಿ ಪದದ ಎದುರು ತಡೆದು ನಿಂತು, ಬಾಯಿಬಿಟ್ಟು ಉಚ್ಚರಿಸಿ, ಇದು ಏನಿರಬಹುದೆಂದು ತೀರ್ಮಾನಿಸಬೇಕಾಗುತ್ತದೆ. ಕಂಡದ್ದೊಂದು, ಕೇಳಿದ್ದೊಂದು, ಎರಡೂ ನಿಜ. ಟ್ರಾನ್ಸ್ ವ್ಯಕ್ತಿಯೊಬ್ಬರನ್ನು ಲೋಕ ಹೇಗೆ ‘ಓದುತ್ತದೆ’, ಎಲ್ಲಿ ತಪ್ಪಾಗಿ ಓದುತ್ತದೆ ಎಂಬುದನ್ನು ವಿವರಿಸುವ ಬದಲು ಆ ಅನುಭವವನ್ನೇ ಓದುಗನ ನಾಲಗೆಗೆ ದಾಟಿಸುವ ಕೆಲಸ ಇದು. ಈ ಪುಸ್ತಕ 2019ರ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದಿತ್ತು. ನಿಮ್ಮ ಬಳಗದ ಹಿರಿಯರಿಗೆ ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಇಲ್ಲಿ ವಸ್ತುವನ್ನು ರೀತಿಯಿಂದ ಬಿಡಿಸಿ ತೆಗೆಯಲು ಹೊರಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮೂರನೆಯ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಬಳಗದಲ್ಲಿ ನೀವೇ ಮಾಡಿ ನೋಡಬಹುದು. ಗದ್ಯದ ಜೊತೆಗೆ ಹಾಯ್ಕುವನ್ನು, ಎಂದರೆ ಮೂರು ಸಾಲಿನ ಪುಟ್ಟ ಪದ್ಯವನ್ನು, ಹೆಣೆಯುವ ‘ಹಾಯ್‌ಬುನ್’ ಎಂಬ ಪ್ರಕಾರ ಜಪಾನಿ ಸಾಹಿತ್ಯದಲ್ಲಿದೆ. ಟೋರಿನ್ ಎ. ಗ್ರೇಟ್‌ಹೌಸ್ ಅದರಿಂದ ‘ಬರ್ನಿಂಗ್ ಹಾಯ್‌ಬುನ್’ ಎಂಬ ಹೊಸ ರೂಪವನ್ನೇ ಕಟ್ಟಿದರು. ಮೊದಲು ಗದ್ಯದ ಒಂದು ತುಂಡು ಇರುತ್ತದೆ. ಮುಂದೆ ಅದೇ ತುಂಡಿನ ಹಲವು ಪದಗಳನ್ನು ಅಳಿಸಿ, ಉಳಿದವುಗಳಿಂದ ಇನ್ನೊಂದು ಮಾತು ಮೂಡುವಂತೆ ಮಾಡುತ್ತಾರೆ. ಅದನ್ನೂ ಅಳಿಸುತ್ತ ಹೋದಾಗ ಕೊನೆಗೆ ಹಾಯ್ಕುವೊಂದು ಉಳಿಯುತ್ತದೆ. ಹೊಸದಾಗಿ ಒಂದು ಪದವನ್ನೂ ಸೇರಿಸುವಂತಿಲ್ಲ. ಇದ್ದದ್ದರಲ್ಲೇ ಅಡಗಿದ್ದದ್ದನ್ನು ಹೊರತೆಗೆಯಬೇಕು. ಅವರ 2020ರ ‘ವೂಂಡ್ ಫ್ರಮ್ ದ ಮೌತ್ ಆಫ್ ಎ ವೂಂಡ್’ ಸಂಕಲನಕ್ಕೆ ಕೇಟ್ ಟಫ್ಟ್ಸ್ ಡಿಸ್ಕವರಿ ಪ್ರಶಸ್ತಿ ಸಂದಿದೆ.

ಅಳಿಸುವ ಈ ಕ್ರಮದ ಬಲವೇನೆಂದು ತಿಳಿಯಲು ಅರ್ಜಿ ನಮೂನೆಯ ಭಾಷೆಯಲ್ಲಿ ನಾನೇ ಕಟ್ಟಿದ ಒಂದು ವಾಕ್ಯವನ್ನು ತೆಗೆದುಕೊಳ್ಳಿ: ‘ಅರ್ಜಿದಾರರು ತಮ್ಮ ಹೆಸರನ್ನು ಮೂಲ ದಾಖಲೆಯಲ್ಲಿ ಇರುವಂತೆಯೇ ಬರೆಯತಕ್ಕದ್ದು, ತಿದ್ದಿದ ಅರ್ಜಿಗಳನ್ನು ತಿರಸ್ಕರಿಸಲಾಗುವುದು.’ ಇದರಲ್ಲಿ ಕೆಲವು ಪದಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅಳಿಸಿ: ‘ತಮ್ಮ ಹೆಸರನ್ನು ಇರುವಂತೆಯೇ ಬರೆಯತಕ್ಕದ್ದು.’ ಮೂಲ ದಾಖಲೆ ಹೋಯಿತು, ತಿರಸ್ಕಾರ ಹೋಯಿತು. ಅದೇ ಅಧಿಕಾರವಾಣಿ ಈಗ ಕವಿಯ ಪರವಾಗಿ ಆಜ್ಞೆ ಹೊರಡಿಸುತ್ತಿದೆ. ಹೆಸರನ್ನೂ ಲಿಂಗವನ್ನೂ ಕಾಗದಪತ್ರಗಳ ಮೂಲಕ ರುಜುವಾತುಪಡಿಸಬೇಕಾದವರು ಈ ತಂತ್ರದತ್ತ ತಿರುಗುವುದು ಆಕಸ್ಮಿಕವಲ್ಲ. ಅಳಿಸಿ ಬರೆಯುವ ಕಾವ್ಯವನ್ನು ಟ್ರಾನ್ಸ್ ಕವಿಗಳೇ ಆರಂಭಿಸಿದರೆಂದು ನಾನು ಹೇಳುತ್ತಿಲ್ಲ, ಅದು ಅವರಿಗಿಂತ ಮೊದಲೇ ಇತ್ತು. ಆದರೆ ಅದಕ್ಕೆ ಇಷ್ಟು ತುರ್ತಾದ ಕೆಲಸವನ್ನು ಅವರು ಕೊಟ್ಟರು.

ಇವೆಲ್ಲ ಪ್ರಯೋಗಶೀಲ ಬರವಣಿಗೆಯ ಮಾತಾಯಿತು. ಸರಳವಾಗಿ, ಹಳೆಯ ಪದ್ಧತಿಯ ಹಿಡಿತದಲ್ಲಿ ಬರೆಯುವವರೂ ಇದ್ದಾರೆ. ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರೂ ಹೆಸರಾಂತ ವಿಮರ್ಶಕರೂ ಆಗಿರುವ ಸ್ಟೆಫನಿ ಬರ್ಟ್ ತಮ್ಮ 2017ರ ‘ಅಡ್ವೈಸ್ ಫ್ರಮ್ ದ ಲೈಟ್ಸ್’ ಸಂಕಲನದಲ್ಲಿ ತಾವು ಹುಡುಗಿಯಾಗಿ ಬೆಳೆದಿದ್ದರೆ ಹೇಗಿರುತ್ತಿತ್ತೆಂಬ ಬಾಲ್ಯವನ್ನು ವರ್ಷ ವರ್ಷವಾಗಿ ಊಹಿಸಿ ಬರೆದಿದ್ದಾರೆ. ಬಾಲ್ಯಸ್ಮೃತಿಯ ಪದ್ಯಗಳು ಎಲ್ಲ ಭಾಷೆಗಳಲ್ಲೂ ಹೇರಳವಾಗಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ನಡೆದುಹೋದದ್ದನ್ನು ನೆನೆಯುತ್ತವೆ. ನಡೆಯದೆ ಹೋದ ಬಾಲ್ಯವನ್ನು ಅಷ್ಟೇ ಖಚಿತವಾದ ವಿವರಗಳೊಂದಿಗೆ ನೆನಪಿಸಿಕೊಳ್ಳುವುದು ಸ್ಮೃತಿಕಾವ್ಯದ ನೆಲೆಯನ್ನೇ ಬದಲಿಸುತ್ತದೆ. ಇಲ್ಲಿ ಛಂದಸ್ಸಿನ ಕ್ರಾಂತಿಯೇನೂ ಇಲ್ಲ. ಆದರೂ ಕಾವ್ಯಕ್ಕೆ ಅದರ ಲಾಭ ಸಣ್ಣದಲ್ಲ.


ಉತ್ತರ – ರಂಗದನಿ

ಮೇಲಿನ ಉತ್ತರವನ್ನು ಒಪ್ಪುತ್ತಲೇ ಒಂದು ಕೊರತೆಯನ್ನು ಹೇಳಬೇಕಾಗಿದೆ. ಅವರು ಕೊಟ್ಟ ಉದಾಹರಣೆಗಳೆಲ್ಲ ಪುಟದ ಮೇಲೆ ಕಣ್ಣಿಗೆ ಕಾಣುವ ಕಾವ್ಯದವು. ಈ ಕವಿಗಳಲ್ಲಿ ಹಲವರು ಓದುಗರನ್ನು ತಲುಪಿದ್ದು ವೇದಿಕೆಯಿಂದ. ಅಲ್ಲಿ ಕವಿಯ ದೇಹ ಸಭಿಕರ ಎದುರಿಗೇ ನಿಂತಿರುತ್ತದೆ, ದನಿ ಕೇಳುತ್ತಿರುತ್ತದೆ. ಲಿಂಗವನ್ನು ಕುರಿತು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಊಹೆಗಳು ಕವಿ ಮೊದಲ ಸಾಲನ್ನು ಹೇಳುವ ಮುನ್ನವೇ ಕೆಲಸ ಮಾಡತೊಡಗಿರುತ್ತವೆ. ವೇದಿಕೆಯ ಟ್ರಾನ್ಸ್ ಕವಿ ಆ ಊಹೆಗಳನ್ನೇ ತನ್ನ ಸಾಮಗ್ರಿಯನ್ನಾಗಿ ಮಾಡಿಕೊಳ್ಳಬೇಕಾಗುತ್ತದೆ. ಇದು ಅಭಿನಯಕ್ಕೆ ಹತ್ತಿರವಾದ, ಆದರೆ ಅಭಿನಯವಲ್ಲದ ಕೌಶಲ.

ಆಂಡ್ರಿಯಾ ಗಿಬ್ಸನ್ ಅವರನ್ನು ದಯವಿಟ್ಟು ಕೇಳಿ. ಮೊದಲು ಓದಬೇಡಿ, ಕೇಳಿ. 2008ರಲ್ಲಿ ಮಹಿಳೆಯರ ವಿಶ್ವ ಕವಿತಾ ಸ್ಲ್ಯಾಮ್, ಎಂದರೆ ವೇದಿಕೆಯ ಮೇಲೆ ಕವಿತೆ ಹೇಳುವ ಸ್ಪರ್ಧೆ, ಮೊದಲ ಸಲ ನಡೆದಾಗ ಗೆದ್ದವರು ಅವರು. 2023ರಲ್ಲಿ ಕೊಲರಾಡೊ ರಾಜ್ಯದ ಆಸ್ಥಾನಕವಿಯಾದರು. ಗರ್ಭಾಶಯದ ಪಕ್ಕದ ಅಂಡಾಶಯದಲ್ಲಿ ಕ್ಯಾನ್ಸರ್ ಇರುವುದು 2021ರಲ್ಲಿ ಗೊತ್ತಾಯಿತು, 2025ರ ಜುಲೈಯಲ್ಲಿ ತೀರಿಕೊಂಡರು. ಕಾಯಿಲೆಯ ಆ ವರ್ಷಗಳಲ್ಲಿ ಅವರು ಸಾವನ್ನು ಕುರಿತು, ಸಂಗಾತಿಯನ್ನು ಕುರಿತು, ಇನ್ನೂ ಉಳಿದಿದ್ದ ಸಂತೋಷವನ್ನು ಕುರಿತು ಬರೆದದ್ದನ್ನು ಲಿಂಗದ ಪ್ರಶ್ನೆಯಲ್ಲಿ ಆಸಕ್ತಿಯೇ ಇಲ್ಲದ ಅಸಂಖ್ಯ ಜನ ತಮ್ಮ ದುಃಖಕ್ಕೆ ತಂದುಕೊಂಡರು. ಮಾತಾಡುವ ವೇಗವನ್ನು ಏರಿಸುತ್ತ ಹೋಗಿ, ಉಸಿರು ಮುಗಿಯುವಲ್ಲಿ ತಟ್ಟನೆ ನಿಂತು, ಮುಂದಿನ ಸಾಲನ್ನು ಬಹಳ ಮೆಲ್ಲಗೆ ಹೇಳುವ ಅವರ ಕ್ರಮದಲ್ಲಿ ಸಾಲು ಎಲ್ಲಿ ಮುರಿಯಬೇಕೆಂಬುದನ್ನು ಉಸಿರೇ ತೀರ್ಮಾನಿಸುತ್ತದೆ.

ಡಾನೆಜ್ ಸ್ಮಿತ್ ಅವರದು ಇನ್ನೊಂದು ಬಗೆ. ಕರಿಯ ಸಮುದಾಯದ, ನಾನ್‌ಬೈನರಿ ಕವಿಯಾದ ಅವರು ‘ಡೋಂಟ್ ಕಾಲ್ ಅಸ್ ಡೆಡ್’ ಸಂಕಲನಕ್ಕೆ 2018ರಲ್ಲಿ ಬ್ರಿಟನ್ನಿನ ಫಾರ್ವರ್ಡ್ ಪ್ರಶಸ್ತಿ ಪಡೆದರು. ಅದರ ಮೊದಲ ದೀರ್ಘ ಪದ್ಯದಲ್ಲಿ ಕೊಲೆಯಾದ ಕರಿಯ ಹುಡುಗರೆಲ್ಲ ಸಾವಿನಾಚೆಯ ಒಂದು ಬೇಸಗೆಯಲ್ಲಿ ಬದುಕಿದ್ದಾರೆ. ಶೋಕಗೀತೆ ಎಂದರೆ ಇಲ್ಲದವರಿಗಾಗಿ ಅಳುವುದು ಎಂಬ ರೂಢಿಯನ್ನು ಬದಿಗಿಟ್ಟು, ಇಲ್ಲದವರಿಗೆ ಇರಲು ಒಂದು ಜಾಗವನ್ನೇ ಪದ್ಯ ಕಟ್ಟಿಕೊಡುತ್ತದೆ. ಲೋಕ ಒಪ್ಪದ ದೇಹಗಳಿಗೆ ಭಾಷೆಯೊಳಗಾದರೂ ನೆಲೆ ಬೇಕೆಂಬ ತುಡಿತ ಈ ಬಗೆಯ ಕಾವ್ಯದ ಬೇರಿನಲ್ಲಿದೆ ಎಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಜೇ ಬರ್ನಾರ್ಡ್ ಅವರ ‘ಸರ್ಜ್’ ಸಂಕಲನವನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಒತ್ತಾಯಿಸುತ್ತೇನೆ. 1981ರ ಜನವರಿಯಲ್ಲಿ ಲಂಡನ್ನಿನ ನ್ಯೂ ಕ್ರಾಸ್ ಎಂಬಲ್ಲಿ ಹುಟ್ಟುಹಬ್ಬದ ಕೂಟ ನಡೆಯುತ್ತಿದ್ದ ಮನೆಯೊಂದಕ್ಕೆ ಬೆಂಕಿ ಬಿದ್ದು 13 ಮಂದಿ ಕರಿಯ ಯುವಜನರು ಸತ್ತರು. ಜಾರ್ಜ್ ಪ್ಯಾಡ್‌ಮೋರ್ ಸಂಸ್ಥೆಯ ದಾಖಲೆ ಸಂಗ್ರಹದಲ್ಲಿ ಕೆಲಸ ಮಾಡುತ್ತ ಬರ್ನಾರ್ಡ್ ಆ ಘಟನೆಯ ಸುತ್ತ ಪದ್ಯಗಳನ್ನು ಬರೆದರು. ಪುಸ್ತಕ 2019ರಲ್ಲಿ ಬಂತು. ಅದಕ್ಕೂ ಮುಂಚೆ, ಇದೇ ಕೃತಿಯ ವೇದಿಕೆಯ ರೂಪಕ್ಕೆ 2017ರ ಟೆಡ್ ಹ್ಯೂಸ್ ಪ್ರಶಸ್ತಿ ಸಂದಿತ್ತು. ಸತ್ತವರು ಅಲ್ಲಿ ಮಾತಾಡುತ್ತಾರೆ. ಕವಿ ನಾನ್‌ಬೈನರಿ ಆಗಿರುವುದು ಪುಸ್ತಕದ ಹೊರಮೈಯಲ್ಲಿ ಕಾಣುವುದಿಲ್ಲ. ಆದರೂ ದಾಖಲೆಗಳು ಯಾರನ್ನು ಹೇಗೆ ಹೆಸರಿಸುತ್ತವೆ, ಯಾರ ದೇಹವನ್ನು ಯಾರು ಗುರುತಿಸುತ್ತಾರೆ, ಗುರುತು ಹಿಡಿಯುವುದೆಂದರೇನು ಎಂಬ ಪ್ರಶ್ನೆಗಳನ್ನು ಪದ್ಯಗಳು ಬಿಡದೆ ಹಿಡಿದು ಕೇಳುತ್ತವೆ. ಟ್ರಾನ್ಸ್ ಕವಿಗಳು ತಮ್ಮ ಕಥೆಯನ್ನೇ ಹೇಳಿಕೊಳ್ಳಬೇಕೆಂದು ಕಾಯುತ್ತಿರುವ ಓದುಗರಿಗೆ ಈ ಪುಸ್ತಕ ಬೇರೊಂದು ಅಭ್ಯಾಸವನ್ನು ಕಲಿಸುತ್ತದೆ.


ಉತ್ತರ – ನೀಲಿಶಾಯಿ

ನಾನು ಟ್ರಾನ್ಸ್ ಮಹಿಳೆ, ಪದ್ಯಗಳನ್ನು ಬರೆಯುತ್ತೇನೆ. ಈ ಚರ್ಚೆಯಲ್ಲಿ ನಮ್ಮ ಪದ್ಯಗಳ ಸಾಲುಗಳನ್ನು ಕುರಿತು ಮಾತಾಡುತ್ತಿರುವುದನ್ನು ಕಂಡು ಮನಸ್ಸಿಗೆ ಹಿತವಾಯಿತು. ಮಳೆಯನ್ನು ಕುರಿತ ನನ್ನ ಪದ್ಯಗಳನ್ನು ಒಂದು ಪತ್ರಿಕೆಯವರು ಹಿಂದಿರುಗಿಸಿ, ‘ನಿಮ್ಮ ಅನುಭವವನ್ನು ಬರೆದು ಕಳಿಸಿ’ ಎಂದಿದ್ದರು. ಮಳೆ ನನ್ನ ಅನುಭವವಲ್ಲವೆಂದು ಅವರು ಹೇಗೆ ನಿರ್ಧರಿಸಿದರೋ ತಿಳಿಯದು. ನೋವನ್ನು ಬರೆದರೆ ಮಾತ್ರ ಪ್ರಕಟಿಸುತ್ತೇವೆ ಎನ್ನುವ ಆದರ ನಮ್ಮ ಕಾವ್ಯವನ್ನು ಬೆಳೆಯಗೊಡುವುದಿಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಇದುವರೆಗಿನ ಮಾತೆಲ್ಲ ಇಂಗ್ಲಿಷಿನಲ್ಲಿ ಬರೆಯುವವರ ಸುತ್ತಲೇ ಇದೆ. ಮಲಯಾಳದಲ್ಲಿ ವಿಜಯರಾಜಮಲ್ಲಿಕಾ ಇದ್ದಾರೆ. ‘ದೈವತ್ತಿಂಡೆ ಮಗಳ್’ ಎಂಬ ಅವರ ಸಂಕಲನ ವಿಶ್ವವಿದ್ಯಾಲಯದ ಪಠ್ಯದಲ್ಲೂ ಸೇರಿದೆ. ಆದರೆ ನಾನು ನಿಮ್ಮ ಗಮನಕ್ಕೆ ತರಬಯಸುವುದು ಅವರು ಬರೆದ ಒಂದು ಜೋಗುಳವನ್ನು. ಅಂತರಲಿಂಗಿ ಲಕ್ಷಣಗಳೊಂದಿಗೆ, ಅಂದರೆ ಗಂಡು ಅಥವಾ ಹೆಣ್ಣೆಂದು ಕೂಡಲೇ ಹೇಳಲಾಗದ ದೇಹದೊಂದಿಗೆ ಹುಟ್ಟಿದ ಕೂಸನ್ನು ತೂಗುವ ಹಾಡು ಅದು. ಜೋಗುಳದ ಪರಂಪರೆಯನ್ನು ಒಮ್ಮೆ ನೆನೆಯಿರಿ. ಕೂಸನ್ನು ರಾಜನೆಂದೋ ರಾಣಿಯೆಂದೋ, ರಾಮನೆಂದೋ ಸೀತೆಯೆಂದೋ ಕರೆಯದೆ ಜೋಗುಳ ಮುಂದೆ ಸಾಗುವುದೇ ಅಪರೂಪ. ಆ ಸಂಬೋಧನೆಯೇ ಮಗುವಿನ ಮುಂದಿನ ಬದುಕನ್ನು ಗೊತ್ತುಮಾಡಿಬಿಡುತ್ತದೆ. ವಿಜಯರಾಜಮಲ್ಲಿಕಾ ಆ ಸಂಬೋಧನೆಯ ಜಾಗವನ್ನು ಖಾಲಿ ಬಿಡಲಿಲ್ಲ. ನೀನು ಗಂಡಲ್ಲ, ಹೆಣ್ಣಲ್ಲ, ನನ್ನ ಕಣ್ಮಣಿ ಎಂದು ತಾಯಿಯ ಬಾಯಲ್ಲಿ ಹಾಡಿಸಿದರು. ತಾಯಂದಿರು ಹಾಡಬಲ್ಲ ಧಾಟಿ, ಎಳೆಯ ಕಿವಿಗೆ ಬೀಳುವ ಮೊದಲ ಕಾವ್ಯಪ್ರಕಾರ, ಅದರ ಒಳಗೇ ಈ ಬದಲಾವಣೆ ಆಗಿದೆ. ಇದು ವಸ್ತುವೋ ರೀತಿಯೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಪ್ರಶ್ನೆಯೇ ಇಲ್ಲಿ ಸಲ್ಲುವುದಿಲ್ಲ.

ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯುವ ಕಲ್ಕಿ ಸುಬ್ರಮಣ್ಯಂ ಅವರ ಪದ್ಯಗಳ ದನಿ ಇದಕ್ಕೆ ತೀರ ಬೇರೆ. ಅವರು ಮೆಲ್ಲಗೆ ತೂಗುವುದಿಲ್ಲ, ನೇರವಾಗಿ ಎದುರಿಗೆ ನಿಂತು ಕೇಳುತ್ತಾರೆ. ಅರ್ಜೆಂಟೀನಾದ ಸೂಸಿ ಶಾಕ್ 2011ರ ತಮ್ಮ ಸಂಕಲನದ ಪದ್ಯವೊಂದರಲ್ಲಿ ವಿಕಾರರೂಪಿ ಎಂಬ ಬೈಗುಳವನ್ನೇ ಎತ್ತಿಕೊಂಡು, ಹಾಗಿರುವುದು ನನ್ನ ಹಕ್ಕು ಎಂದು ಸಾರಿದರು. ಮರುವರ್ಷವೇ, 2012ರಲ್ಲಿ, ಆ ದೇಶದಲ್ಲಿ ವೈದ್ಯರ ಅಥವಾ ನ್ಯಾಯಾಲಯದ ಅಪ್ಪಣೆಯಿಲ್ಲದೆ ಲಿಂಗದ ಗುರುತನ್ನು ತಾವೇ ಘೋಷಿಸಿಕೊಳ್ಳಲು ಅವಕಾಶ ಕೊಡುವ ಕಾನೂನು ಬಂತು. ಪದ್ಯದಿಂದ ಕಾನೂನು ಬಂತೆಂದು ನಾನು ಹೇಳುವುದಿಲ್ಲ. ಎರಡರ ಹಿಂದೆಯೂ ಒಂದೇ ಚಳವಳಿಯ ಬಿಸಿಯುಸಿರು ಇತ್ತು. ಭಾರತದಲ್ಲಿ ಟ್ರಾನ್ಸ್‌ಜೆಂಡರ್ ಜನರ ಲಿಂಗದ ಗುರುತನ್ನು ಮಾನ್ಯಮಾಡಿದ ಸುಪ್ರೀಂ ಕೋರ್ಟಿನ ತೀರ್ಪು 2014ರ ಏಪ್ರಿಲ್‌ನಲ್ಲಿ ಬಂದರೆ, ಸಾಹಿತ್ಯ ಅಕಾಡೆಮಿ 2018ರ ಜುಲೈಯಲ್ಲಿ ಕೋಲ್ಕತ್ತಾದಲ್ಲಿ ಟ್ರಾನ್ಸ್ ಕವಿಗಳ ಮೊದಲ ಕವಿಗೋಷ್ಠಿಯನ್ನು ನಡೆಸಿತು. 2020ರಲ್ಲಿ ಅದಿತಿ ಅಂಗಿರಸ್ ಮತ್ತು ಅಖಿಲ್ ಕತ್ಯಾಲ್ ಸಂಪಾದಿಸಿದ ದಕ್ಷಿಣ ಏಷ್ಯಾದ ಕ್ವಿಯರ್ ಕಾವ್ಯದ, ಎಂದರೆ ಲೈಂಗಿಕ ಅಲ್ಪಸಂಖ್ಯಾತರ ಕಾವ್ಯದ, ಸಂಕಲನದಲ್ಲಿ ಹಲವು ಭಾಷೆಗಳ ಕವಿಗಳು ಒಟ್ಟಿಗೆ ಸಿಗುತ್ತಾರೆ. ಓದುಬಳಗಕ್ಕೆ ಅದು ಅನುಕೂಲವಾದ ಪುಸ್ತಕ.

ಬರೆಯುವವಳಾಗಿ ವ್ಯಾಕರಣದ ಬಗ್ಗೆಯೂ ಒಂದು ಮಾತು. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನುವಾಗಲೇ ಕ್ರಿಯಾಪದ ಮಾತಾಡುವವರ ಲಿಂಗವನ್ನು ಬಯಲು ಮಾಡುತ್ತದೆ. ಕನ್ನಡದಲ್ಲಿ ‘ನಾನು ಬಂದೆ’ ಎಂಬುದು ಏನನ್ನೂ ಬಿಟ್ಟುಕೊಡುವುದಿಲ್ಲ. ಆದರೆ ಬೇರೆಯವರು ನನ್ನನ್ನು ಕುರಿತು ಮಾತಾಡಿದ ಕೂಡಲೇ ಬಂದನು, ಬಂದಳು ಎಂಬ ಕವಲು ಎದುರಾಗುತ್ತದೆ. ಹೀಗಾಗಿ ನನ್ನ ಪದ್ಯಗಳಲ್ಲಿ ಉತ್ತಮಪುರುಷದಿಂದ ಪ್ರಥಮಪುರುಷಕ್ಕೆ ದಾಟುವ ಸಾಲು ಯಾವಾಗಲೂ ಅಪಾಯದ ಸಾಲು. ಅಲ್ಲಿ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಲಿಂಗದ ಬಗ್ಗೆ ಚಿಂತಿಸಬೇಕಾಗಿ ಬಾರದ ಕವಿಗಳು ಈ ಸಾಲನ್ನು ಗಮನಿಸದೆಯೇ ದಾಟಿಹೋಗಬಹುದು; ನಮಗೆ ಆ ಸಲೀಸು ಇಲ್ಲ, ಆದ್ದರಿಂದಲೇ ಭಾಷೆಯ ಈ ಕೀಲು ನಮಗೆ ಕಾಣುತ್ತದೆ.

ಕೊನೆಯದಾಗಿ ಒಂದು ವಿನಂತಿ. ಟ್ರಾನ್ಸ್ ಕಾವ್ಯದ ಮಾತು ಬಂದಾಗಲೆಲ್ಲ ಜೇಡರ ದಾಸಿಮಯ್ಯನ ವಚನವನ್ನು, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂಬುದನ್ನು ಉದ್ಧರಿಸಿ, ಇದೆಲ್ಲ ನಮ್ಮಲ್ಲಿ ಆಗಲೇ ಇತ್ತು ಎಂದು ಚರ್ಚೆಯನ್ನು ಮುಗಿಸುವವರಿದ್ದಾರೆ. ಆ ವಚನ ನನಗೂ ಪ್ರಿಯವಾದದ್ದೇ. ಆದರೆ ಅದು ದೇಹದ ಗುರುತುಗಳನ್ನು ದಾಟಿ ಆತ್ಮದಲ್ಲಿ ನೆಲೆ ನಿಲ್ಲುತ್ತದೆ. ನಾವು ಬರೆಯುತ್ತಿರುವುದು ದೇಹವನ್ನು ಬಿಟ್ಟುಕೊಡದೆ, ಇದೇ ದೇಹದಲ್ಲಿ, ಇದೇ ಬೀದಿಯಲ್ಲಿ ಬದುಕುವುದನ್ನು ಕುರಿತು. ನಾನು ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದಲ್ಲ, ನಾನು ಹೆಣ್ಣು ಎನ್ನುತ್ತಿದ್ದೇನೆ. ವಚನದ ದೊಡ್ಡತನವನ್ನು ಮುಂದಿಟ್ಟು ಈ ವ್ಯತ್ಯಾಸವನ್ನು ಮರೆಮಾಡಬಾರದು.


ಪ್ರತಿಕ್ರಿಯೆ – ಕಾವ್ಯಾಸಕ್ತೆ

ಮೂವರಿಗೂ ಕೃತಜ್ಞತೆಗಳು. ಜೋಗುಳದ ಉದಾಹರಣೆಯೊಂದೇ ನಮ್ಮ ಹಿರಿಯರೊಂದಿಗಿನ ವಾದಕ್ಕೆ ಸಾಕಾಗುತ್ತದೆ, ಅರ್ಜಿಯ ವಾಕ್ಯವನ್ನು ಅಳಿಸುವ ಅಭ್ಯಾಸವನ್ನು ಮುಂದಿನ ಸಭೆಯಲ್ಲಿ ಖಂಡಿತ ಮಾಡಿಸುತ್ತೇನೆ.

ಇನ್ನೆರಡು ವಿಷಯಗಳು ಬಗೆಹರಿಯದೆ ಉಳಿದಿವೆ. ‘ಟ್ರಾನ್ಸ್ ಕಾವ್ಯ’ ಎಂಬ ಪ್ರತ್ಯೇಕ ಕಪಾಟನ್ನು ಮಾಡಿ ಇವರನ್ನು ಅದರಲ್ಲಿಡುವುದೇ ತಪ್ಪಾದೀತೇ? ಎರಡನೆಯದು ವ್ಯವಹಾರದ ಪ್ರಶ್ನೆ. ಕೆಲವು ಕವಿಗಳ ಆರಂಭದ ಪುಸ್ತಕಗಳು ಹಿಂದಿನ ಹೆಸರಿನಲ್ಲಿ ಅಚ್ಚಾಗಿವೆ. ಅವನ್ನು ಚರ್ಚಿಸುವಾಗ ಯಾವ ಹೆಸರನ್ನು ಬಳಸಬೇಕು?


ಉತ್ತರ – ಹಾಳೆಯಂಚು

ಕಪಾಟಿನ ಪ್ರಶ್ನೆಗೆ ಒಂದು ಘಟನೆಯನ್ನು ಹೇಳುತ್ತೇನೆ. ಕೆನಡಾದ ಓಜಿ-ಕ್ರೀ ಮೂಲನಿವಾಸಿ ಕವಿ ಜೋಶುವಾ ವೈಟ್‌ಹೆಡ್ ಅವರ ಮೊದಲ ಸಂಕಲನ 2018ರಲ್ಲಿ, ಕ್ವಿಯರ್ ಸಾಹಿತ್ಯಕ್ಕೆ ಕೊಡುವ ಲ್ಯಾಂಬ್ಡಾ ಪ್ರಶಸ್ತಿಯ ಟ್ರಾನ್ಸ್‌ಜೆಂಡರ್ ಕಾವ್ಯ ವಿಭಾಗದ ಅಂತಿಮ ಪಟ್ಟಿಗೆ ಬಂತು. ಅವರು ಅದನ್ನು ಹಿಂದಕ್ಕೆ ಪಡೆದರು. ತಾವು ತಮ್ಮ ಜನಾಂಗದ ಅರ್ಥದಲ್ಲಿ ‘ಟು-ಸ್ಪಿರಿಟ್’, ಎಂದರೆ ಗಂಡು ಹೆಣ್ಣು ಎರಡೂ ಚೈತನ್ಯಗಳುಳ್ಳವರು, ಎಂದು ಗುರುತಿಸಿಕೊಳ್ಳುವವರು, ಟ್ರಾನ್ಸ್ ಅಲ್ಲ, ಆ ಜಾಗ ಟ್ರಾನ್ಸ್ ಕವಿಗಳಿಗೇ ಸಲ್ಲಬೇಕು ಎಂಬುದು ಅವರ ನಿಲುವಾಗಿತ್ತು. ವಿಭಾಗವೇ ಬೇಡವೆಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ. ಕಪಾಟು ಇರಲಿ; ಅದು ಇಲ್ಲದಿದ್ದಾಗ ಈ ಪುಸ್ತಕಗಳು ಯಾವ ಕಪಾಟಿನಲ್ಲೂ ಇರಲಿಲ್ಲ. ಆದರೆ ಒಂದು ಪ್ರತಿ ಅಲ್ಲಿದ್ದರೆ ಇನ್ನೊಂದು ಪ್ರತಿ ಶೋಕಗೀತೆಗಳ ಜೊತೆ, ಜೋಗುಳಗಳ ಜೊತೆ, ದಾಖಲೆಕಾವ್ಯದ ಜೊತೆಯೂ ಇರಬೇಕು. ಬಳಗದಲ್ಲಿ ಮುಂದಿನ ಸಲ ಸಾವನ್ನು ಕುರಿತ ಪದ್ಯಗಳನ್ನು ಆರಿಸುವಾಗ ಗಿಬ್ಸನ್ ಅವರ ಹೆಸರು ತಾನಾಗಿ ನೆನಪಿಗೆ ಬಂದರೆ ಅದು ಸರಿಯಾದ ದಾರಿ.

ಹೆಸರಿನ ವಿಷಯದಲ್ಲಿ ಕವಿಯ ಈಗಿನ ಹೆಸರನ್ನೇ ಬಳಸಬೇಕು, ಹಳೆಯ ಪುಸ್ತಕಗಳನ್ನು ಚರ್ಚಿಸುವಾಗಲೂ ಅಷ್ಟೇ. ಗ್ರಂಥಾಲಯದಲ್ಲಿ ಹುಡುಕಲು ಹಳೆಯ ಹೆಸರು ಬೇಕಾದರೆ ಅದನ್ನು ಆ ಕೆಲಸಕ್ಕೆ ಮಾತ್ರ ಬಳಸಿ, ಸಭೆಯಲ್ಲಿ ಎತ್ತಬೇಡಿ. ಜಾಯ್ ಲೇಡಿನ್ ಅವರ ‘ದ ಬುಕ್ ಆಫ್ ಆನಾ’ ಮೊದಲು 2000ರ ದಶಕದಲ್ಲಿ ಪ್ರಕಟವಾಗಿತ್ತು. ಪರಿಷ್ಕರಿಸಿದ ಆವೃತ್ತಿ 2021ರಲ್ಲಿ ಅವರ ಈಗಿನ ಹೆಸರಿನಲ್ಲಿ ಬಂದು ಅಮೆರಿಕದ ರಾಷ್ಟ್ರೀಯ ಯಹೂದಿ ಪುಸ್ತಕ ಪ್ರಶಸ್ತಿಯನ್ನೂ ಪಡೆಯಿತು. ಲಂಡನ್ನಿನ ಕೇ ಟೆಂಪೆಸ್ಟ್ 2013ರಲ್ಲಿ ಟೆಡ್ ಹ್ಯೂಸ್ ಪ್ರಶಸ್ತಿ ಪಡೆದ ಎಷ್ಟೋ ವರ್ಷಗಳ ಮೇಲೆ, 2020ರಲ್ಲಿ, ಈಗಿನ ಹೆಸರನ್ನು ಪ್ರಕಟಿಸಿದರು. ಆ ಪ್ರಶಸ್ತಿಯ ಮಾತು ಬಂದಾಗ ಕೇ ಟೆಂಪೆಸ್ಟ್ ಪಡೆದರು ಎಂದೇ ಹೇಳಬೇಕು.

ಓದಿನ ಕ್ರಮಕ್ಕೆ ನನ್ನ ಸಲಹೆ ಹೀಗಿದೆ. ಮೊದಲು ಜೋಗುಳವನ್ನು ಯಾರಾದರೂ ಹಾಡಲಿ, ಅರ್ಥವನ್ನು ಅನಂತರ ಹೇಳಲಿ. ಆಮೇಲೆ ಬರ್ನಿಂಗ್ ಹಾಯ್‌ಬುನ್ ಒಂದನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಎಲ್ಲರೂ ಒಟ್ಟಿಗೆ ನೋಡಿ. ಕವಿಪರಿಚಯದ ಹಾಳೆಯನ್ನು ಪದ್ಯದ ಚರ್ಚೆ ಮುಗಿಯುವವರೆಗೆ ಹಂಚಬೇಡಿ. ‘ಸರ್ಜ್’ ಓದುವಾಗ ಮಾತ್ರ 1981ರ ಬೆಂಕಿಯ ವಿವರಗಳನ್ನು ಮುಂಚೆಯೇ ಕೊಡಬೇಕಾಗುತ್ತದೆ, ಏಕೆಂದರೆ ಅಲ್ಲಿ ಮಾತಾಡುತ್ತಿರುವವರು ಯಾರೆಂಬುದು ಗೊತ್ತಿಲ್ಲದಿದ್ದರೆ ಆ ಪದ್ಯಗಳ ಅರ್ಧ ಸಾಲುಗಳು ಕೈಗೆ ಸಿಗುವುದಿಲ್ಲ.